ಗಾಡಿ ನಿಲ್ಲಿಸುವ ಬಾಡಿಗೆ

ಮನೆಯ ಖರ್ಚಿನ ಪುಸ್ತಕದಲ್ಲಿ ಅಕ್ಕಿ, ಬೇಳೆ, ಹಾಲು, ಔಷಧ, ಮಕ್ಕಳ ಶಾಲೆಯ ಶುಲ್ಕ ಮೊದಲಾದ ಬಾಬುಗಳಿರುವುದು ವಾಡಿಕೆ. ಈಚಿನ ವರ್ಷಗಳಲ್ಲಿ ಬೆಂಗಳೂರಿನ ಗೃಹಸ್ಥರು ಅದರಲ್ಲಿ ಮತ್ತೊಂದು ಬಾಬನ್ನು ತೆರೆಯಬೇಕಾಗಿ ಬಂದಿದೆ. ಕಾರು ಓಡುವುದಕ್ಕೆ ಪೆಟ್ರೋಲಿನ ಬೆಲೆ ತೆರುವುದು ನ್ಯಾಯವೆಂದು ಒಪ್ಪಿದವರೂ, ಅದು ಸುಮ್ಮನೆ ನಿಂತದ್ದಕ್ಕೆ ಹಣ ತೆರಬೇಕಾದಾಗ ಹುಬ್ಬು ಗಂಟಿಕ್ಕುವರು. ಈ ಅಸಮಾಧಾನದಲ್ಲಿ ನ್ಯಾಯವೆಷ್ಟು, ಅಭ್ಯಾಸದ ಮೋಹವೆಷ್ಟು ಎಂಬುದನ್ನು ವಾಚಕರು ಶಾಂತಚಿತ್ತದಿಂದ ವಿಚಾರಿಸತಕ್ಕದ್ದು.

ನಗರದ ದಕ್ಷಿಣಕ್ಕಿರುವ ವಸಂತಪುರವನ್ನೇ ತೆಗೆದುಕೊಳ್ಳೋಣ. ವಸಂತವಲ್ಲಭರಾಯಸ್ವಾಮಿಯ ಪುರಾತನ ದೇವಾಲಯವುಳ್ಳ ಈ ಹಳ್ಳಿ ಇಂದು ನಗರದೊಳಗೆ ಸೇರಿಹೋಗಿದೆ. 2022ರ ಜೂನ್ ತಿಂಗಳಲ್ಲಿ ಇಲ್ಲಿಯ ವೈಕುಂಠಗಿರಿಯಲ್ಲಿ ರಾಜಾಧಿರಾಜ ಗೋವಿಂದ ದೇವಾಲಯದ ಉದ್ಘಾಟನೆಯೂ ಆಯಿತು. ಹಬ್ಬ ಹುಣ್ಣಿಮೆಗಳಲ್ಲಿ ಹೊರಗಿನವರು ಇಲ್ಲಿಗೆ ಬರುವರು. ಇಲ್ಲಿಯವರು ಬಟ್ಟೆಬರೆಗೆ ಜಯನಗರಕ್ಕೂ, ಹೂವು ಹಣ್ಣಿಗೆ ಗಾಂಧಿ ಬಜಾರಿಗೂ, ಕಚೇರಿಯ ಕೆಲಸಕ್ಕೆ ನಗರದ ನಡುಭಾಗಕ್ಕೂ ಹೋಗುವರು. ಒಂದು ದಿನ ನಾವು ಪರರ ಬೀದಿಯಲ್ಲಿ ಜಾಗ ಹುಡುಕುವೆವು. ಮತ್ತೊಂದು ದಿನ ಪರರು ನಮ್ಮ ಮನೆಯ ಗೇಟಿನ ಮುಂದೆ ಕಾರು ನಿಲ್ಲಿಸಿದರೆಂದು ಕೋಪಿಸಿಕೊಳ್ಳುವೆವು. ಒಂದೇ ರೋಗದ ಎರಡು ಲಕ್ಷಣಗಳಿವು.

ಹಿಂದೆ ಜಾತ್ರೆಗೆ ಹೋದವರು ಎತ್ತಿನ ಗಾಡಿಯನ್ನು ಹೊಂಗೆಯ ನೆರಳಿನಲ್ಲಿ ಬಿಟ್ಟು, ಎತ್ತಿಗೆ ಹುಲ್ಲು ನೀರು ತೋರಿಸಿ ದೇವರ ದರ್ಶನಕ್ಕೆ ನಡೆಯುತ್ತಿದ್ದರು. ಬಯಲು ವಿಶಾಲವಾಗಿತ್ತು, ಗಾಡಿಗಳು ಕೆಲವೇ ಇದ್ದವು. ಜಯನಗರಕ್ಕೆ 1948ರಲ್ಲಿ ಅಸ್ತಿಭಾರ ಹಾಕಿದಾಗಲೂ ಮನೆಮನೆಗೊಂದು ಕಾರು ಬರುವ ಕಾಲವನ್ನು ಯಾರೂ ಊಹಿಸಿರಲಾರರು. ಇಂದು ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ಮೀರಿದೆ. ಬೀದಿಗಳಾದರೋ ಹಿಂದಿನ ಅಗಲದಲ್ಲಿಯೇ ಇವೆ.

ಇನ್ನು ನೆಲದ ಲೆಕ್ಕ. ನಿಂತ ಕಾರಿಗೆ ಸಾಮಾನ್ಯವಾಗಿ 2.5 ಮೀಟರು ಅಗಲ, 5 ಮೀಟರು ಉದ್ದದ ಜಾಗವನ್ನು ಗೊತ್ತುಮಾಡುವರು. ಒಳಗೆ ಬಂದು, ತಿರುಗಿ, ಹೊರಗೆ ಹೋಗುವ ದಾರಿಯನ್ನೂ ಸೇರಿಸಿದರೆ ಬಯಲಿನಲ್ಲಿ ಒಂದು ಕಾರಿಗೆ 23 ಚದರ ಮೀಟರು, ನೆಲಮಾಳಿಗೆಯಲ್ಲಿ 32 ಚದರ ಮೀಟರು ಬೇಕೆಂಬುದು ನಗರಯೋಜಕರ ಅಳತೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಬಯಲಿನ ಕಾರಿಗೆ ಸುಮಾರು 250 ಚದರಡಿ ಬೇಕು. ಮೂವತ್ತು ನಲವತ್ತರ ನಿವೇಶನವೆಂದರೆ 1200 ಚದರಡಿ. ಅದರ ಐದರಲ್ಲೊಂದು ಪಾಲು ಒಂದೇ ಕಾರಿಗೆ ಹೋಯಿತು. ಅಷ್ಟು ನೆಲದಲ್ಲಿ ಒಂದು ಅಡಿಗೆಮನೆಯನ್ನೂ ಒಂದು ಮಲಗುವ ಕೋಣೆಯನ್ನೂ ಕಟ್ಟಬಹುದು. ದಿನಕ್ಕೆ 2 ಗಂಟೆ ಓಡುವ ಕಾರು ಉಳಿದ 22 ಗಂಟೆ ಎಲ್ಲಿಯಾದರೂ ನಿಂತೇ ಇರಬೇಕು. ಮನುಷ್ಯನಿಗೆ ಬಾಡಿಗೆಗೆ ಕೋಣೆ ಸಿಕ್ಕುವುದು ಕಷ್ಟವಾದ ಊರಿನಲ್ಲಿ ಕಾರಿನ ಕೋಣೆ ಮಾತ್ರ ಧರ್ಮಾರ್ಥವಾಗಿ ಸಿಕ್ಕೀತೆಂಬುದು ಹೇಗೆ?

ನಗರದ ಆಡಳಿತದವರು ಈ ತೊಡಕನ್ನು ಬಿಡಿಸಲು ಯತ್ನಿಸಿಲ್ಲವೆಂದಲ್ಲ. 2020ರಲ್ಲಿ ನಡುಭಾಗದ ಕೆಲವು ರಸ್ತೆಗಳಲ್ಲಿ ಯಂತ್ರದ ಮೂಲಕ ಶುಲ್ಕ ಪಡೆಯುವ ಏರ್ಪಾಡನ್ನು ಆರಂಭಿಸಿದಾಗ, ಮೊದಲ ದರ್ಜೆಯ ರಸ್ತೆಗಳಲ್ಲಿ ಕಾರಿಗೆ ಗಂಟೆಗೆ 30 ರೂಪಾಯಿ, ದ್ವಿಚಕ್ರ ವಾಹನಕ್ಕೆ 15 ರೂಪಾಯಿ ಗೊತ್ತಾಯಿತು. ಫ್ರೀಡಂ ಪಾರ್ಕಿನ ಬಳಿ 556 ಕಾರುಗಳೂ 445 ದ್ವಿಚಕ್ರ ವಾಹನಗಳೂ ಹಿಡಿಯುವ ಮಹಡಿಗಳ ನಿಲ್ದಾಣವೊಂದನ್ನು ಕಟ್ಟಿದರು. ಅದು ಬಹುಕಾಲ ಬಳಕೆಯಿಲ್ಲದೆ ನಿಂತು, 2024ರಲ್ಲಿ ತೆರೆಯಿತು. ಸರ್ಕಾರವು ರೂಪಿಸಿದ ‘ಪಾರ್ಕಿಂಗ್ ನೀತಿ 2.0’ರಲ್ಲಿ, ಮನೆಯ ಮುಂದಿನ ಬೀದಿಯಲ್ಲಿ ಕಾರು ನಿಲ್ಲಿಸುವವರಿಂದಲೂ ವರ್ಷಕ್ಕೆ 1000 ರೂಪಾಯಿಯಿಂದ 5000 ರೂಪಾಯಿಯವರೆಗೆ ಶುಲ್ಕ ಪಡೆಯುವ ಸೂಚನೆಯಿತ್ತು. ಅದಕ್ಕೆ ಎದ್ದ ಗದ್ದಲ ಸಣ್ಣದಲ್ಲ. ಆದರೆ 5000 ರೂಪಾಯಿಯನ್ನು 365 ದಿನಗಳಿಗೆ ಹಂಚಿದರೆ ದಿನಕ್ಕೆ 14 ರೂಪಾಯಿಯೂ ಆಗದು. ಪೇಟೆಯಲ್ಲಿ ಅರ್ಧ ಗಂಟೆ ನಿಲ್ಲಿಸುವ ಹಣವದು.

ಇಷ್ಟು ಹೇಳಿದ ಮಾತ್ರಕ್ಕೆ ಗೃಹಸ್ಥನ ದೂರೆಲ್ಲವೂ ಹುರುಳಿಲ್ಲದ್ದೆಂದು ತಿಳಿಯಬಾರದು. ಕಾರು ಬಿಟ್ಟು ಮೆಟ್ರೋದಲ್ಲಿ ಹೋಗಿರೆಂದು ಉಪದೇಶಿಸುವುದು ಸುಲಭ. 2021ರ ಜನವರಿಯಲ್ಲಿ ಕನಕಪುರ ರಸ್ತೆಯ ಮಾರ್ಗ ವಿಸ್ತಾರವಾಗಿ, ದೊಡ್ಡಕಲ್ಲಸಂದ್ರದ ನಿಲ್ದಾಣ ವಸಂತಪುರದವರಿಗೆ ಸಮೀಪವಾದದ್ದು ನಿಜ. ಆದರೆ 2025ರ ಫೆಬ್ರವರಿಯಲ್ಲಿ ಮೆಟ್ರೋದ ಅತಿ ಹೆಚ್ಚಿನ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಒಬ್ಬರಿಗೆ ಒಂದು ಕಡೆಗೆ 50 ರೂಪಾಯಿಯೆಂದು ಇಟ್ಟುಕೊಂಡರೂ ನಾಲ್ವರು ಹೋಗಿ ಬರಲು 400 ರೂಪಾಯಿ ಆಗುವುದು. ಮೂರು ಗಂಟೆ ಕಾರು ನಿಲ್ಲಿಸಲು ಗಂಟೆಗೆ 30ರಂತೆ 90 ರೂಪಾಯಿ. ಪೆಟ್ರೋಲನ್ನು ಕೂಡಿಸಿದರೂ ಸಂಸಾರಸ್ಥನ ಮನಸ್ಸು ಕಾರಿನ ಕಡೆಗೆ ವಾಲಿದರೆ ಅದು ದುಂದುಗಾರಿಕೆಯಲ್ಲ.

ಮೇಲಾಗಿ ಮನೆಯಲ್ಲಿ ಮಂಡಿ ನೋವಿನ ಅಜ್ಜಿಯಿರಬಹುದು, ಕೈಗೂಸಿರಬಹುದು. ಆಸ್ಪತ್ರೆಗೆ ಹೋದವನು ಒಳಗೆ ಎಷ್ಟು ಹೊತ್ತು ಕಾಯಬೇಕೆಂಬುದನ್ನು ತಾನು ನಿರ್ಣಯಿಸುವ ಹಾಗಿಲ್ಲ. ಗಂಟೆಯ ಲೆಕ್ಕ ಮಾತ್ರ ಹೊರಗೆ ಏರುತ್ತಲೇ ಇರುತ್ತದೆ. ಇಂಥ ಖರ್ಚು ಹೆಚ್ಚಿದಲ್ಲಿ ಮೊದಲು ನಿಲ್ಲುವುದು ಮುದುಕರ ಹೊರಸಂಚಾರವೇ. ತರುಣರು ಬಸ್ಸನ್ನೋ ಸ್ಕೂಟರನ್ನೋ ಹಿಡಿದು ಹೋದಾರು. ಅಜ್ಜಿ ಮಾತ್ರ, “ನನಗಾಗಿ ಏಕೆ ಅಷ್ಟು ಖರ್ಚು? ನೀವು ಹೋಗಿ ಬನ್ನಿ” ಎಂದು ಮನೆಯಲ್ಲಿ ಉಳಿದುಬಿಡುವಳು. ಈ ನಷ್ಟ ಯಾವ ರಸೀತಿಯಲ್ಲಿಯೂ ಕಾಣುವುದಿಲ್ಲ.

ಬೇರೆ ಊರುಗಳವರು ಏನು ಮಾಡಿದರೆಂಬುದನ್ನೂ ನೋಡೋಣ. ಅಮೆರಿಕದ ಒಕ್ಲಹೋಮ ನಗರದಲ್ಲಿ 1935ರಲ್ಲಿ ಮೊದಲ ನಿಲುಗಡೆ ಯಂತ್ರವನ್ನು ನೆಟ್ಟರು. ಒಂದೇ ಕಾರು ದಿನವೆಲ್ಲ ಜಾಗ ಹಿಡಿದು ಕೂರದೆ, ಅಂಗಡಿಗೆ ಬರುವ ನಾಲ್ಕು ಜನಕ್ಕೆ ಎಡೆ ಸಿಕ್ಕಲೆಂಬುದೇ ಅದರ ಉದ್ದೇಶ. ಅದೇ ದೇಶದ ಪಂಡಿತರಾದ ಡೊನಾಲ್ಡ್ ಶೂಪ್ ಎಂಬವರು 2005ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪುಕ್ಕಟೆ ನಿಲುಗಡೆಯೆಂಬುದು ವಸ್ತುತಃ ಪುಕ್ಕಟೆಯಲ್ಲವೆಂದು ತೋರಿಸಿದರು. ಅಂಗಡಿಯವನು ಆ ನೆಲದ ವೆಚ್ಚವನ್ನು ಸರಕಿನ ಬೆಲೆಯಲ್ಲಿ ಸೇರಿಸುವನು. ಹೀಗಾಗಿ ನಡೆದು ಬಂದವನೂ ಕಾರಿನವನ ಬಾಡಿಗೆಯಲ್ಲಿ ಪಾಲು ತೆರುವನು. ಕ್ಯಾಲಿಫೋರ್ನಿಯದ ಪಸಡೀನಾ ಎಂಬ ಊರಿನ ಹಳೆಯ ಪೇಟೆಯಲ್ಲಿ 1993ರಲ್ಲಿ ಯಂತ್ರಗಳನ್ನಿಟ್ಟು, ಬಂದ ಹಣವನ್ನು ಅದೇ ಪೇಟೆಯ ಕಾಲುದಾರಿ, ದೀಪ, ನೈರ್ಮಲ್ಯಗಳಿಗೆ ವಿನಿಯೋಗಿಸಿದರು. ಜಪಾನಿನಲ್ಲಿ 1962ರ ಕಾನೂನಿನಂತೆ ನಿಲ್ಲಿಸಲು ಸ್ವಂತ ಜಾಗವಿದೆಯೆಂದು ತೋರಿಸದೆ ಕಾರು ಕೊಳ್ಳುವುದೇ ದುಸ್ತರ. ನಮ್ಮ ನೆರೆಯ ತೆಲಂಗಾಣದಲ್ಲಿ 2018ರಲ್ಲಿ, ಮಾಲುಗಳಲ್ಲಿ ಮೊದಲ ಅರ್ಧ ಗಂಟೆ ಶುಲ್ಕ ಪಡೆಯಕೂಡದೆಂದೂ, ಸರಕು ಕೊಂಡ ಬಿಲ್ಲು ತೋರಿಸಿದವರಿಗೆ ಒಂದು ಗಂಟೆಯವರೆಗೆ ವಿನಾಯಿತಿಯೆಂದೂ ಆಜ್ಞೆ ಹೊರಟಿತು.

ಇವೆಲ್ಲದರಿಂದ ತಿಳಿಯಬೇಕಾದದ್ದೇನು? ಬಾಡಿಗೆ ತೆರುವುದರಲ್ಲಿ ಅನ್ಯಾಯವಿಲ್ಲ. ಏನಕ್ಕಾಗಿ ತೆತ್ತೆವೆಂಬುದು ತಿಳಿಯದಿರುವುದರಲ್ಲಿ ಅನ್ಯಾಯವಿದೆ. ಒಳಗೆ ಹೋಗುವ ಮುನ್ನವೇ ಕಾಣುವಂತೆ ದರದ ಫಲಕವಿರಬೇಕು. ಕೊಟ್ಟ ಹಣಕ್ಕೆ ರಸೀತಿ ಸಿಕ್ಕಬೇಕು. ಆಸ್ಪತ್ರೆಯ ಬಾಗಿಲಿನಲ್ಲಿ ರೋಗಿಯ ಕಡೆಯವರಿಗೆ ರಿಯಾಯಿತಿಯಿರಬೇಕು. ಬೀದಿಯಿಂದ ಬಂದ ಹಣ ಆ ಬೀದಿಯ ಕಾಲುದಾರಿಗೇ ಮರಳಬೇಕು. ಕಾಲುದಾರಿ ಚೆನ್ನಾದರೆ ಸ್ವಲ್ಪ ದೂರದಲ್ಲಿ ಇಳಿದ ಅಜ್ಜಿಯೂ ನಡೆದು ಬಂದಾಳು. ಇಷ್ಟನ್ನು ಕೇಳುವ ಹಕ್ಕು ಹಣ ತೆರುವವರೆಲ್ಲರಿಗೂ ಉಂಟು.

ನಮ್ಮ ಕೈಯಲ್ಲಿಯೂ ಕೆಲವು ಉಪಾಯಗಳಿವೆ. ಹೊರಡುವ ಮುನ್ನವೇ ನಿಲುಗಡೆಯ ಹಣವನ್ನು ಸೇರಿಸಿ ಆ ದಿನದ ಖರ್ಚನ್ನು ಅಂದಾಜು ಮಾಡಿದರೆ ಆಮೇಲೆ ಮನಸ್ಸು ಕಹಿಯಾಗದು. ಮೂರು ಸಣ್ಣ ಕೆಲಸಗಳಿಗೆ ಮೂರು ಸಲ ಹೋಗುವ ಬದಲು, ಒಂದೆಡೆ ಕಾರು ನಿಲ್ಲಿಸಿ ಮೂರನ್ನೂ ಮುಗಿಸಿಕೊಳ್ಳಬಹುದು. ಒಬ್ಬರೋ ಇಬ್ಬರೋ ಹೋಗುವಾಗ ಮೆಟ್ರೋವನ್ನೂ ಬಸ್ಸನ್ನೂ ಹಿಡಿಯುವುದು ಲಾಭಕರ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಂತೆ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವೂ ಇಲ್ಲ. ಹೀಗೆ ತರಕಾರಿಗೂ ಬಟ್ಟೆಗೂ ಕಾರು ತೆಗೆಯದೆ ಉಳಿಸಿದ ಹಣವನ್ನು, ಮನೆಯ ಹಿರಿಯರನ್ನು ತಿಂಗಳಿಗೊಮ್ಮೆ ದೇವಸ್ಥಾನಕ್ಕೋ ನಂಟರ ಮನೆಗೋ ಕಾರಿನಲ್ಲಿಯೇ ಕರೆದೊಯ್ಯಲು ಇಟ್ಟುಕೊಳ್ಳುವುದು ಒಳ್ಳೆಯದು. ಆ ದಿನ ತೆತ್ತ ಬಾಡಿಗೆಯನ್ನು ಖರ್ಚಿನ ಪುಸ್ತಕದಲ್ಲಿ ಬರೆಯುವಾಗ ಯಾವ ಗೃಹಿಣಿಯೂ ಬೇಸರಪಡಲಾರಳು.