ಒಮ್ಮೆ ಸಿಗುವ, ಒಮ್ಮೆ ಸಿಗದ ಪುಟ



ಕಳೆದ ತಿಂಗಳು ಡೊಂಬಿವಲಿಯಿಂದ ಹಿರಿಯರೊಬ್ಬರು ಫೋನ್ ಮಾಡಿದ್ದರು. ಮಡದಿಯ ಅರವತ್ತನೇ ಹುಟ್ಟುಹಬ್ಬಕ್ಕೆ ಹಾಡು ಕೋರಿ ನಮ್ಮ ವೆಬ್ ಪುಟದಲ್ಲಿ ಅಷ್ಟುದ್ದ ಕನ್ನಡದಲ್ಲಿ ಟೈಪ್ ಮಾಡಿ 'ಕಳುಹಿಸಿ' ಒತ್ತಿದರೆ, '404, ಪುಟ ಸಿಗಲಿಲ್ಲ' ಎಂದು ಬಂತಂತೆ. "ನನಗೆ ಕಂಪ್ಯೂಟರ್ ಅಷ್ಟಾಗಿ ಬರೋದಿಲ್ಲಮ್ಮ, ಏನೋ ತಪ್ಪು ಒತ್ತಿರಬೇಕು" ಎಂದರು. ನಾನು ಸ್ಟುಡಿಯೋದಲ್ಲಿ ತೆರೆದೆ, ಸಲೀಸಾಗಿ ತೆರೆಯಿತು. ಇನ್ನೊಮ್ಮೆ ತೆರೆದೆ, 404! ಹುಟ್ಟುಹಬ್ಬ ಅಷ್ಟರಲ್ಲಿ ಮುಗಿದಿತ್ತು.

ಪುಟ ನೋಡಿಕೊಳ್ಳುವವರನ್ನು ಕೇಳಿದರೆ "ನಿಮ್ಮ ಇಂಟರ್ನೆಟ್ ವೀಕ್ ಇರಬೇಕು ಮೇಡಂ" ಎಂಬ ಉತ್ತರ. ನಾನು ಓದಿದ್ದು ಕನ್ನಡ ಬಿ.ಎ., ಸುಮ್ಮನಾದೆ. ಸುಮ್ಮನಾಗಬಾರದಿತ್ತು. 404 ಎನ್ನುವುದು ಸರ್ವರ್ ಕೊಡುವ ಉತ್ತರ. ಇಂಟರ್ನೆಟ್ ಕೈಕೊಟ್ಟಿದ್ದರೆ ಆ ಉತ್ತರವೂ ನಮ್ಮವರೆಗೆ ಬರುತ್ತಿರಲಿಲ್ಲ. ವಿಳಾಸ ತಪ್ಪಿದ್ದರೆ ಪ್ರತಿ ಸಲವೂ 404 ಬರಬೇಕು. ಒಮ್ಮೆ ಸಿಕ್ಕಿ ಒಮ್ಮೆ ಸಿಗದಿದ್ದರೆ, ಉತ್ತರ ಕೊಡುವವರು ಒಬ್ಬರೋ ಇಬ್ಬರೋ ಎಂದು ಮೊದಲು ಕೇಳಬೇಕು. ಇದನ್ನು ಹೇಳಿಕೊಟ್ಟವರು ಜಾವಾ ಕೆಲಸ ಮಾಡುವ ಪುಣೆಯ ನಮ್ಮ ಕೇಳುಗರೊಬ್ಬರು.

ಇಬ್ಬರಿದ್ದರು! ನಮ್ಮ ಪುಟ ಟಾಮ್‌ಕ್ಯಾಟ್ ಎಂಬ ಜಾವಾ ಸರ್ವರ್ ಮೇಲೆ, ಎರಡು ಯಂತ್ರಗಳಲ್ಲಿ ಓಡುತ್ತದೆ. ಅವುಗಳ ಮುಂದೆ ಲೋಡ್ ಬ್ಯಾಲೆನ್ಸರ್. ಬ್ಯಾಂಕಿನ ಬಾಗಿಲಲ್ಲಿ ನಿಂತು ಒಬ್ಬರನ್ನು ಒಂದನೇ ಕೌಂಟರಿಗೆ, ಮುಂದಿನವರನ್ನು ಎರಡನೆಯದಕ್ಕೆ ಕಳಿಸುವ ಕಾವಲುಗಾರ ಅಂದುಕೊಳ್ಳಿ. ಎರಡನೇ ಕೌಂಟರಿನಲ್ಲಿ ಗುಮಾಸ್ತ ಕೂತಿದ್ದಾನೆ, ಲೆಡ್ಜರ್ ಮಾತ್ರ ಇಲ್ಲ. ನಮ್ಮ ಹಿರಿಯರಿಗೆ ಫಾರಂ ಸಿಕ್ಕಿದ್ದು ಒಂದನೇ ಕೌಂಟರಿನಲ್ಲಿ, ತುಂಬಿ ಕೊಡಲು ಹೋದದ್ದು ಎರಡನೆಯದಕ್ಕೆ.

ಪುಣೆಯವರು ಹೇಳಿದಂತೆ ಬ್ಯಾಲೆನ್ಸರ್ ಬಿಟ್ಟು ಒಂದೊಂದು ಯಂತ್ರವನ್ನೂ ನೇರವಾಗಿ ಹತ್ತು ಹತ್ತು ಸಲ ಕೇಳಿಸಿದೆವು. ಒಂದರಲ್ಲಿ ಹತ್ತಕ್ಕೆ ಹತ್ತೂ ಸರಿ, ಇನ್ನೊಂದರಲ್ಲಿ ಹತ್ತೂ 404. ಆ ಎರಡನೆಯದರ ಲಾಗ್ ಕಡತ ತೆರೆದರೆ ಅಲ್ಲಿ ಬರೆದಿತ್ತು: 'ಒನ್ ಆರ್ ಮೋರ್ ಲಿಸನರ್ಸ್ ಫೇಲ್ಡ್ ಟು ಸ್ಟಾರ್ಟ್'. ರೇಡಿಯೋದವಳಿಗೆ ಎದೆ ಧಸಕ್ಕೆಂದಿತು, ಕೇಳುಗರೇ ಕೈಕೊಟ್ಟರೇ ಎಂದು! ಇಲ್ಲಿ ಲಿಸನರ್ ಎಂದರೆ ಅಪ್ಲಿಕೇಷನ್ ಶುರುವಾಗುವಾಗ ಮೊದಲು ಎದ್ದು ತಯಾರಿ ಮಾಡುವ ಪುಟ್ಟ ಪ್ರೋಗ್ರಾಂ. ಡೇಟಾಬೇಸಿನ ಪಾಸ್‌ವರ್ಡ್ ಬದಲಿಸಿದಾಗ ಈ ಯಂತ್ರದಲ್ಲಿ ಹಳೆಯದೇ ಉಳಿದಿತ್ತು. ಲಿಸನರ್ ಎಡವಿತು, ಅಪ್ಲಿಕೇಷನ್ ಏಳಲೇ ಇಲ್ಲ. ಟಾಮ್‌ಕ್ಯಾಟ್ ಮಾತ್ರ ಎಚ್ಚರವಾಗಿದ್ದು, ಬಂದವರಿಗೆಲ್ಲ 'ಸಿಗಲಿಲ್ಲ' ಎನ್ನುತ್ತಿತ್ತು. ಕಾವಲುಗಾರ ಕೌಂಟರಿನಲ್ಲಿ ಆಳಿದ್ದಾನೆಯೇ ಎಂದಷ್ಟೇ ಇಣುಕುತ್ತಿದ್ದುದರಿಂದ ಅವನಿಗೂ ತಿಳಿಯಲಿಲ್ಲ.

ಪಾಸ್‌ವರ್ಡ್ ಸರಿಮಾಡಿ ಟಾಮ್‌ಕ್ಯಾಟನ್ನು ಮತ್ತೆ ಶುರು ಮಾಡಿದ್ದು ಐದು ನಿಮಿಷದ ಕೆಲಸ. ಬ್ಯಾಲೆನ್ಸರ್ ಈಗ ಆಗಾಗ ನಮ್ಮ ಹಾಡು ಕೋರಿಕೆಯ ಪುಟವನ್ನೇ ಕೇಳಿ ನೋಡುತ್ತದೆ. ಸಿಗದಿದ್ದರೆ ಆ ಯಂತ್ರಕ್ಕೆ ಯಾರನ್ನೂ ಕಳಿಸುವುದಿಲ್ಲ.

ಆ ದಿನಗಳಲ್ಲಿ 404 ಕಂಡವರು ದಯವಿಟ್ಟು ಇನ್ನೊಮ್ಮೆ ಬರೆಯಿರಿ, ನಿಮ್ಮ ಕೋರಿಕೆ ನಮ್ಮ ಕೈಸೇರಿಲ್ಲ. ಮುಂದೆಂದಾದರೂ ಹೀಗಾದರೆ ಗಂಟೆ ಎಷ್ಟಾಗಿತ್ತು, ಎಷ್ಟು ಸಲಕ್ಕೆ ಎಷ್ಟು ಸಲ ಸಿಗಲಿಲ್ಲ ಎಂದು ತಿಳಿಸಿ. ಡೊಂಬಿವಲಿಯ ಹಿರಿಯರ ಹಾಡು ಈ ಭಾನುವಾರ ಮೊದಲಿಗೇ ಇದೆ, ಹುಟ್ಟುಹಬ್ಬ ದಾಟಿದ್ದರೂ.