ಗೆಲ್ಲುವವರೂ ಬರಿಗೈಯಾಗುವುದೇಕೆ? – ಪೋಕರ್ ಆಟಗಾರರ ಹಣದ ಲೆಕ್ಕ

1998ರ ನವೆಂಬರ್ 22ರಂದು ಲಾಸ್ ವೇಗಸ್‌ನ ಅಗ್ಗದ ಮೋಟೆಲ್ ಕೋಣೆಯೊಂದರಲ್ಲಿ 45 ವರ್ಷದ ಸ್ಟೂ ಅಂಗರ್ ಶವವಾಗಿ ಪತ್ತೆಯಾದರು. ಅವರ ಬಳಿ ಉಳಿದಿದ್ದುದು ಸುಮಾರು 800 ಡಾಲರ್. ಅಂತ್ಯಕ್ರಿಯೆಗೆ ಗೆಳೆಯರು ಚಂದಾ ಎತ್ತಬೇಕಾಯಿತು. ಪೋಕರ್ ಲೋಕದ ಅತಿ ದೊಡ್ಡ ಪಂದ್ಯವಾದ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಸ್ಪರ್ಧೆಯನ್ನು ಅಂಗರ್ 1980, 1981 ಮತ್ತು 1997ರಲ್ಲಿ ಗೆದ್ದಿದ್ದರು. ಸಾಯುವ ಹದಿನೆಂಟು ತಿಂಗಳ ಹಿಂದಷ್ಟೇ ಬಂದಿದ್ದ ಬಹುಮಾನ 10 ಲಕ್ಷ ಡಾಲರ್. ಆ ಪಂದ್ಯಕ್ಕೆ ಕಟ್ಟಬೇಕಿದ್ದ 10 ಸಾವಿರ ಡಾಲರ್ ಕೂಡ ಅವರಲ್ಲಿರಲಿಲ್ಲ. ಬಿಲ್ಲಿ ಬ್ಯಾಕ್ಸ್‌ಟರ್ ಎಂಬ ಆಟಗಾರ ಹಣ ಕಟ್ಟಿ, ಗೆಲುವಿನಲ್ಲಿ ಅರ್ಧ ಪಾಲು ಪಡೆದರು. ಉಳಿದರ್ಧವನ್ನು ಮಾದಕವಸ್ತುಗಳೂ ಕ್ರೀಡಾ ಬೆಟ್ಟಿಂಗೂ ಕೆಲವೇ ತಿಂಗಳಲ್ಲಿ ನುಂಗಿದವು.

ಇಸ್ಪೀಟಿನ ಮೇಜಿನಲ್ಲಿ ಅಂಗರ್ ಅವರನ್ನು ಮೀರಿಸುವವರು ವಿರಳ. ಆದರೆ ಎಲೆಗಳನ್ನು ಓದುವ ಬುದ್ಧಿ ಬೇರೆ, ಹಣವನ್ನು ಉಳಿಸಿಕೊಳ್ಳುವ ಬುದ್ಧಿ ಬೇರೆ. ಎರಡನೆಯದಕ್ಕೆ ಪೋಕರ್ ಆಟಗಾರರು 'ಬ್ಯಾಂಕ್‌ರೋಲ್ ನಿರ್ವಹಣೆ' ಎನ್ನುತ್ತಾರೆ. ಬ್ಯಾಂಕ್‌ರೋಲ್ ಎಂದರೆ ಆಟಕ್ಕೆಂದೇ ತೆಗೆದಿಟ್ಟ ಗಂಟು. ಮನೆ ಬಾಡಿಗೆ, ಮಕ್ಕಳ ಶುಲ್ಕ, ಆಸ್ಪತ್ರೆ ಖರ್ಚು ಯಾವುದೂ ಅದರಲ್ಲಿ ಸೇರಿರಬಾರದು. ಬಿತ್ತನೆಯ ಬೀಜವನ್ನು ಊಟದ ಕಾಳಿನೊಂದಿಗೆ ಬೆರೆಸದೆ ಬೇರೆಯೇ ಕಟ್ಟಿಡುವ ರೈತನ ಶಿಸ್ತು ಇಲ್ಲಿಯೂ ಬೇಕು.

ಅದೃಷ್ಟದ ಓಟ ಎಷ್ಟು ದೂರ?

ಹೋಲ್ಡೆಮ್ ಎಂಬ ಬಗೆಯ ಪೋಕರ್‌ನಲ್ಲಿ ಕೈಗೆ ಬರಬಹುದಾದ ಅತ್ಯುತ್ತಮ ಜೋಡಿ ಎರಡು ಎಕ್ಕ. ಎದುರಾಳಿಯ ಕೈಯಲ್ಲಿ ಎರಡು ರಾಜ ಇದ್ದು, ಇಬ್ಬರೂ ಇದ್ದಬದ್ದ ಹಣವನ್ನೆಲ್ಲ ಮುಂದಕ್ಕೆ ತಳ್ಳಿದರೆ ಎಕ್ಕದವರು ನೂರಕ್ಕೆ ಸುಮಾರು 82 ಸಲ ಗೆಲ್ಲುತ್ತಾರೆ, 18 ಸಲ ಸೋಲುತ್ತಾರೆ. ಆಡಿದ್ದರಲ್ಲಿ ತಪ್ಪೇನೂ ಇಲ್ಲದಿದ್ದರೂ ಹೆಚ್ಚುಕಡಿಮೆ ಐದರಲ್ಲಿ ಒಂದು ಸಲ ಎಲ್ಲವೂ ಹೋಗುತ್ತದೆ. ಇಂಥ ಸೋಲು ಸತತ ಮೂರು ಸಲ ಬರುವ ಸಾಧ್ಯತೆ ಸುಮಾರು 170ರಲ್ಲಿ ಒಂದು. ವರ್ಷಗಟ್ಟಲೆ ಆಡುವವರಿಗೆ ಅದೂ ಒಂದು ದಿನ ಎದುರಾಗುತ್ತದೆ.

ಒಂದು ಲೆಕ್ಕ ನೋಡೋಣ. ಆರು ಜನ ಕೂರುವ ನೋ-ಲಿಮಿಟ್ (ಪಣಕ್ಕೆ ಮಿತಿಯಿಲ್ಲದ) ಹೋಲ್ಡೆಮ್ ಮೇಜಿನಲ್ಲಿ ಒಬ್ಬ ಒಳ್ಳೆಯ ಆಟಗಾರ್ತಿ 100 ಹ್ಯಾಂಡ್‌ಗೆ ಸರಾಸರಿ 5 ಬಿಗ್ ಬ್ಲೈಂಡ್ ಗಳಿಸುತ್ತಾಳೆ ಎನ್ನೋಣ. ಹ್ಯಾಂಡ್ ಎಂದರೆ ಒಮ್ಮೆ ಎಲೆ ಹಂಚಿ ಮುಗಿಸುವ ಒಂದು ಸುತ್ತು; ಬಿಗ್ ಬ್ಲೈಂಡ್ ಎಂದರೆ ಪ್ರತಿ ಹ್ಯಾಂಡ್‌ನ ಆರಂಭದಲ್ಲಿ ಒಬ್ಬರು ಕಡ್ಡಾಯವಾಗಿ ಇಡಬೇಕಾದ ಪಣ. ಈ ಆಟದಲ್ಲಿ ಫಲಿತಾಂಶಗಳ ಏರಿಳಿತ ಬಲು ದೊಡ್ಡದು. ಸಂಖ್ಯಾಶಾಸ್ತ್ರದ ಅಳತೆಯಲ್ಲಿ 100 ಹ್ಯಾಂಡ್‌ಗೆ ಸುಮಾರು 90 ಬಿಗ್ ಬ್ಲೈಂಡ್‌ಗಳ ಪ್ರಮಾಣಿತ ವಿಚಲನೆ ಸಾಮಾನ್ಯ. ಇದರ ಪ್ರಕಾರ 10,000 ಹ್ಯಾಂಡ್ ಆಡಿದ ಮೇಲೂ ಆಕೆ ನಷ್ಟದಲ್ಲೇ ಇರುವ ಸಾಧ್ಯತೆ ನೂರಕ್ಕೆ 29. ಒಂದು ಲಕ್ಷ ಹ್ಯಾಂಡ್ ಮುಗಿಸಿದಾಗ ಅದು 4ಕ್ಕೆ ಇಳಿಯುತ್ತದೆ. ಕ್ಯಾಸಿನೊದಲ್ಲಿ ಎಲೆ ಹಂಚಿ ಆಡುವಾಗ ಗಂಟೆಗೆ ನಡೆಯುವುದು ಮೂವತ್ತರ ಆಸುಪಾಸಿನಷ್ಟು ಹ್ಯಾಂಡ್. ವಾರಕ್ಕೆ 40 ಗಂಟೆ ಕೂತರೂ ಒಂದು ಲಕ್ಷ ಹ್ಯಾಂಡ್ ಮುಟ್ಟಲು ಒಂದೂವರೆ ವರ್ಷ ಬೇಕು.

ಕೌಶಲ ಫಲ ಕೊಡುವುದು ಅಷ್ಟು ದೂರ ನಡೆದ ಮೇಲೆ. ಅಲ್ಲಿಯವರೆಗೆ ಕೈಯಲ್ಲಿ ಹಣ ಉಳಿದಿರಬೇಕು.

ಗಂಟು ಎಷ್ಟಿರಬೇಕು?

ಕ್ಯಾಷ್ ಗೇಮ್ (ನೇರವಾಗಿ ಹಣವನ್ನೇ ಪಣವಿಟ್ಟು ಆಡುವ ಆಟ) ಮೇಜಿಗೆ ಕೂರುವಾಗ ಸಾಮಾನ್ಯವಾಗಿ ತರುವ ಹಣ 100 ಬಿಗ್ ಬ್ಲೈಂಡ್. ಇದು ಒಂದು ಬೈ-ಇನ್. ಮೇಲಿನ ಆಟಗಾರ್ತಿ ಕೆಳಗಿನ ಮೇಜಿಗೆ ಇಳಿಯದೆ, ಹಣ ಹೊರತೆಗೆಯದೆ ಆಡುತ್ತಲೇ ಹೋದರೆ ಗಂಟು ಪೂರ್ತಿ ಕರಗುವ ಅಪಾಯ ಹೀಗಿದೆ: 5 ಬೈ-ಇನ್ ಇದ್ದರೆ ನೂರಕ್ಕೆ 54, 10 ಇದ್ದರೆ 29, 20 ಇದ್ದರೆ 8ರಿಂದ 9, 40 ಇದ್ದರೆ ಒಂದಕ್ಕಿಂತ ಕಡಿಮೆ. ಕ್ಯಾಷ್ ಗೇಮ್‌ಗೆ 20ರಿಂದ 40 ಬೈ-ಇನ್ ಇರಲಿ ಎಂದು ಅನುಭವಿಗಳು ಹೇಳುವುದರ ಹಿಂದೆ ಇರುವುದು ಈ ಗಣಿತವೇ.

ಗೆಲುವಿನ ದರ ಅರ್ಧಕ್ಕೆ ಇಳಿದು 100 ಹ್ಯಾಂಡ್‌ಗೆ ಎರಡೂವರೆ ಬಿಗ್ ಬ್ಲೈಂಡ್ ಆದರೆ ಅದೇ 20 ಬೈ-ಇನ್‌ನ ಅಪಾಯ 29ಕ್ಕೆ ಏರುತ್ತದೆ. ದರ ಸೊನ್ನೆಯಾದರೆ ಅಥವಾ ಅದಕ್ಕೂ ಕೆಳಗಿಳಿದರೆ ಎಷ್ಟೇ ದೊಡ್ಡ ಗಂಟಾದರೂ ಕೊನೆಗೆ ಕರಗುವುದು ಖಚಿತ. ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಬ್ಯಾಂಕ್‌ರೋಲ್ ನಿಯಮಗಳು ಗೆಲ್ಲುವವರನ್ನು ದುರದೃಷ್ಟದಿಂದ ಕಾಯುತ್ತವೆ. ಸೋಲುವ ಆಟವನ್ನು ಗೆಲುವಿನ ಆಟವಾಗಿ ಮಾಡಲಾರವು. ಮೇಲಾಗಿ ಕ್ಯಾಸಿನೊ ಪ್ರತಿ ಪಾಟ್‌ನಿಂದ, ಅಂದರೆ ಮೇಜಿನ ನಡುವೆ ಸೇರಿದ ಪಣದ ರಾಶಿಯಿಂದ, 'ರೇಕ್' ಎಂಬ ಪಾಲು ಕತ್ತರಿಸಿಕೊಳ್ಳುತ್ತದೆ. ಹಾಗಾಗಿ ಮೇಜಿನಲ್ಲಿ ಕೂತವರ ಒಟ್ಟು ಗೆಲುವು ಒಟ್ಟು ಸೋಲಿಗಿಂತ ಯಾವಾಗಲೂ ಕಡಿಮೆ.

ಗೆಲ್ಲುವ ನಾಣ್ಯ, ಸೋತ ಆಟಗಾರರು

ಒಂದು ಪಣಕ್ಕೆ ಗಂಟಿನ ಎಷ್ಟು ಭಾಗ ಇಡಬೇಕೆಂಬ ಪ್ರಶ್ನೆಗೆ 1956ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ವಿಜ್ಞಾನಿ ಜಾನ್ ಕೆಲ್ಲಿ ಸೂತ್ರವೊಂದನ್ನು ಕೊಟ್ಟರು. ಸಮಪಣದ (ಇಟ್ಟಷ್ಟೇ ಗೆಲ್ಲುವ) ಆಟದಲ್ಲಿ ಗೆಲ್ಲುವ ಸಾಧ್ಯತೆಯಿಂದ ಸೋಲುವ ಸಾಧ್ಯತೆಯನ್ನು ಕಳೆದರೆ ಬರುವಷ್ಟೇ ಭಾಗವನ್ನು ಇಡಬೇಕು. ನೂರಕ್ಕೆ 60 ಸಲ ಗೆಲ್ಲುವ ಆಟವಾದರೆ 60ರಿಂದ 40 ಕಳೆದು, ಗಂಟಿನ ಶೇ. 20. ಗೆಲುವಿನ ಅಂತರ ಚಿಕ್ಕದಾದಷ್ಟೂ ಪಣವೂ ಚಿಕ್ಕದಾಗಬೇಕು.

ವಿಕ್ಟರ್ ಹಗಾನಿ ಮತ್ತು ರಿಚರ್ಡ್ ಡ್ಯೂಯಿ 2016ರಲ್ಲಿ ಪ್ರಕಟಿಸಿದ ಪ್ರಯೋಗ ಈ ಸೂತ್ರಕ್ಕೆ ಜೀವ ತುಂಬಿತು. ಹಣಕಾಸು ಓದುವ ವಿದ್ಯಾರ್ಥಿಗಳೂ ಅದೇ ಕ್ಷೇತ್ರದ ಯುವ ಉದ್ಯೋಗಿಗಳೂ ಸೇರಿ 61 ಜನರಿಗೆ ತಲಾ 25 ಡಾಲರ್ ಕೊಟ್ಟು, ನೂರಕ್ಕೆ 60 ಸಲ ಹೆಡ್ ಬೀಳುವಂತೆ ರೂಪಿಸಿದ ಕಂಪ್ಯೂಟರ್ ನಾಣ್ಯದ ಮೇಲೆ ಅರ್ಧ ಗಂಟೆ ಪಣ ಕಟ್ಟಲು ಬಿಟ್ಟರು. ನಾಣ್ಯದ ಗುಟ್ಟನ್ನು ಮೊದಲೇ ಹೇಳಲಾಗಿತ್ತು. ಪ್ರತಿ ಸಲ ಗಂಟಿನ ಶೇ. 10ರಿಂದ 20ರಷ್ಟನ್ನು ಹೆಡ್ ಮೇಲೆ ಇಟ್ಟಿದ್ದರೆ ಬಹುತೇಕ ಎಲ್ಲರೂ ಗರಿಷ್ಠ ಬಹುಮಾನವಾದ 250 ಡಾಲರ್ ಮುಟ್ಟಬಹುದಿತ್ತು. ಮುಟ್ಟಿದವರು ಶೇ. 21 ಮಾತ್ರ. ಶೇ. 28 ಜನ ಎಲ್ಲವನ್ನೂ ಕಳೆದುಕೊಂಡರು. ಹದಿನೆಂಟು ಜನ ಒಂದೇ ಚಿಮ್ಮಿಗೆ ಇದ್ದ ಹಣವನ್ನೆಲ್ಲ ಇಟ್ಟಿದ್ದರು.

ಲೆಕ್ಕ ಗೊತ್ತಿದ್ದವರೇ ಹೀಗೆ ಮಾಡಿದರೆಂದ ಮೇಲೆ, ಬೆಳಗಿನ ಜಾವದ ನಿದ್ದೆಗಣ್ಣಿನಲ್ಲಿ ದೊಡ್ಡ ಪಾಟ್ ಸೋತ ಆಟಗಾರನ ನಿರ್ಧಾರ ಹೇಗಿರುತ್ತದೆಂದು ಊಹಿಸಬಹುದು. ಆದ್ದರಿಂದಲೇ ನಿಯಮಗಳನ್ನು ಮೇಜಿಗೆ ಕೂರುವ ಮುಂಚೆ, ಮನಸ್ಸು ತಿಳಿಯಾಗಿರುವಾಗ ಬರೆದಿಡಬೇಕು.

ಸೊನ್ನೆಯಿಂದ 10 ಸಾವಿರಕ್ಕೆ

2000ನೇ ಇಸವಿಯ ವಿಶ್ವ ಚಾಂಪಿಯನ್ ಕ್ರಿಸ್ ಫರ್ಗುಸನ್ ಕಂಪ್ಯೂಟರ್ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. ಫುಲ್ ಟಿಲ್ಟ್ ಪೋಕರ್ ಎಂಬ ಜಾಲತಾಣದಲ್ಲಿ ಒಂದು ಡಾಲರೂ ಹಾಕದೆ 10 ಸಾವಿರ ಡಾಲರ್ ಮಾಡಿ ತೋರಿಸುತ್ತೇನೆಂದು 2006ರಲ್ಲಿ ಅವರು ಹೊರಟರು. ಶುರು ಮಾಡಿದ್ದು ಪ್ರವೇಶ ಶುಲ್ಕವಿಲ್ಲದ ಪಂದ್ಯಗಳಿಂದ. ಹಾಕಿಕೊಂಡ ಕಟ್ಟಳೆ ಮೂರು. ಕ್ಯಾಷ್ ಗೇಮ್‌ಗೆ ಗಂಟಿನ ಶೇ. 5ಕ್ಕಿಂತ ಹೆಚ್ಚು ಒಯ್ಯಬಾರದು. ಹಲವು ಮೇಜುಗಳ ಟೂರ್ನಮೆಂಟ್‌ಗೆ ಶೇ. 2ಕ್ಕಿಂತ ಹೆಚ್ಚು ಕಟ್ಟಬಾರದು. ಗೆದ್ದು ಗೆದ್ದು ಮೇಜಿನ ಮೇಲಿನ ಹಣ ಗಂಟಿನ ಶೇ. 10 ದಾಟಿದರೆ, ಮುಂದಿನ ಬ್ಲೈಂಡ್ ಬರುವಷ್ಟರಲ್ಲಿ ಎದ್ದುಬಿಡಬೇಕು. ತೀರಾ ಕೆಳಹಂತದ ಆಟಗಳಿಗೆ ಮಾತ್ರ ಸಣ್ಣ ವಿನಾಯಿತಿ.

ಸೊನ್ನೆಯಿಂದ ಮೇಲೇಳಲು ತಿಂಗಳುಗಳೇ ಹಿಡಿದವು. ಗಂಟು ಕುಗ್ಗಿದಾಗಲೆಲ್ಲ ಈ ಶೇಕಡಾವಾರು ಲೆಕ್ಕ ಅವರನ್ನು ಚಿಕ್ಕ ಮೇಜಿಗೆ ಇಳಿಸುತ್ತಿತ್ತು. ವಿಶ್ವ ಚಾಂಪಿಯನ್ ಒಬ್ಬರು ಚಿಲ್ಲರೆ ಕಾಸಿನ ಮೇಜಿನಲ್ಲಿ ನಾಚಿಕೆಪಡದೆ ಕೂತರು. 2007ರಲ್ಲಿ 10 ಸಾವಿರ ಡಾಲರ್ ದಾಟಿದರು.

ಇದಕ್ಕೆ ಪೂರ್ತಿ ಎದುರಾದದ್ದು ಸ್ವೀಡನ್‌ನ ವಿಕ್ಟರ್ ಬ್ಲೋಮ್ ಅವರ ಕಥೆ. 'ಇಸಿಲ್ಡುರ್1' ಎಂಬ ಹೆಸರಲ್ಲಿ ಆಡುತ್ತಿದ್ದ 19ರ ಈ ತರುಣ 2009ರ ನವೆಂಬರ್‌ನಲ್ಲಿ ಲಕ್ಷಾಂತರ ಡಾಲರ್ ಗೆದ್ದು ಜಗತ್ತಿನ ಗಮನ ಸೆಳೆದಿದ್ದರು. ಡಿಸೆಂಬರ್ 8ರಂದು ಬ್ರಯಾನ್ ಹೇಸ್ಟಿಂಗ್ಸ್ ಎದುರು ಐದೇ ಗಂಟೆಗಳಲ್ಲಿ ಸುಮಾರು 42 ಲಕ್ಷ ಡಾಲರ್ ಕಳೆದುಕೊಂಡರು. ಪ್ರತಿಭೆಗೆ ಕೊರತೆಯಿರಲಿಲ್ಲ. ಗಂಟಿನ ಬಹುಭಾಗ ಒಂದೇ ರಾತ್ರಿ ಮೇಜಿನ ಮೇಲಿತ್ತು.

ಪಾಲು ಹಂಚಿದರೆ ಪೆಟ್ಟೂ ಹಂಚುತ್ತದೆ

ಟೂರ್ನಮೆಂಟ್‌ಗಳ ಏರಿಳಿತ ಕ್ಯಾಷ್ ಗೇಮ್‌ಗಿಂತಲೂ ಕಡಿದು. 2024ರ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಸ್ಪರ್ಧೆಗೆ ತಲಾ 10 ಸಾವಿರ ಡಾಲರ್ ಕಟ್ಟಿ 10,112 ಜನ ಬಂದರು. ಗೆದ್ದವರಿಗೆ ಸಿಕ್ಕಿದ್ದು ಒಂದು ಕೋಟಿ ಡಾಲರ್. ಆದರೆ ನೂರಕ್ಕೆ 85 ಜನರಿಗೆ ಬಿಡಿಗಾಸೂ ಮರಳಲಿಲ್ಲ. ಹಾಗಾಗಿ ಟೂರ್ನಮೆಂಟ್‌ಗಳನ್ನೇ ನಂಬಿದವರು 100 ಬೈ-ಇನ್‌ಗೂ ಹೆಚ್ಚು ಕೈಯಲ್ಲಿಟ್ಟುಕೊಳ್ಳುತ್ತಾರೆ, ಇಲ್ಲವೇ ಗೆಲುವಿನ ಪಾಲು ಮಾರುತ್ತಾರೆ. 2003ರಲ್ಲಿ 86 ಡಾಲರ್‌ನ ಅರ್ಹತಾ ಪಂದ್ಯದ ಮೂಲಕ ಬಂದು 25 ಲಕ್ಷ ಡಾಲರ್ ಗೆದ್ದ ಲೆಕ್ಕಿಗ ಕ್ರಿಸ್ ಮನಿಮೇಕರ್ ಕೂಡ ತಂದೆಗೂ ಗೆಳೆಯನಿಗೂ ಪಾಲು ಕೊಟ್ಟೇ ಲಾಸ್ ವೇಗಸ್‌ಗೆ ಹೊರಟಿದ್ದರು.

ದೊಡ್ಡವರೂ ಹೀಗೆಯೇ ಮಾಡಿದ್ದಾರೆ. ಡಲ್ಲಸ್‌ನ ಬ್ಯಾಂಕ್ ಮಾಲೀಕ ಆ್ಯಂಡಿ ಬೀಲ್ 2001ರಿಂದ ಲಾಸ್ ವೇಗಸ್‌ಗೆ ಬಂದು, ವೃತ್ತಿಪರರು ಹೆದರಿ ತಪ್ಪಾಡುವಷ್ಟು ದೊಡ್ಡ ಪಣಕ್ಕೆ ಕರೆ ಕೊಟ್ಟರು. ಡಾಯ್ಲ್ ಬ್ರನ್ಸನ್, ಚಿಪ್ ರೀಸ್, ಜೆನ್ನಿಫರ್ ಹಾರ್ಮನ್ ಮುಂತಾದವರು ಹಣವನ್ನು ಒಟ್ಟುಗೂಡಿಸಿ, ಸರದಿಯಂತೆ ಒಬ್ಬೊಬ್ಬರೇ ಅವರೆದುರು ಕೂತರು. ಒಬ್ಬರೇ ಹೊತ್ತಿದ್ದರೆ ಮುರಿದುಬೀಳುತ್ತಿದ್ದ ಭಾರವನ್ನು ಹಲವರು ಹೊತ್ತರು.

ಇಂಥ ಒಪ್ಪಂದ ಗೆಳೆತನದ ಮೇಲೆ ನಿಂತಿದ್ದರೂ ಬರಹದಲ್ಲಿರಬೇಕು. 2006ರ ಮುಖ್ಯ ಸ್ಪರ್ಧೆಯಲ್ಲಿ 1 ಕೋಟಿ 20 ಲಕ್ಷ ಡಾಲರ್ ಗೆದ್ದ ಜೇಮೀ ಗೋಲ್ಡ್, ಅರ್ಧ ಪಾಲಿನ ಬಾಯಿಮಾತಿನ ಭರವಸೆಗಾಗಿ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು.

ಗಂಟು ಇಡುವ ಜಾಗ, ಸರ್ಕಾರದ ಪಾಲು

ಹಣ ಯಾರ ಕೈಯಲ್ಲಿದೆ ಎಂಬುದೂ ನಿರ್ವಹಣೆಯ ಭಾಗ. 2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ದೊಡ್ಡ ಪೋಕರ್ ಜಾಲತಾಣಗಳ ಮೇಲೆ ಮುಗಿಬಿತ್ತು. ಅವುಗಳಲ್ಲಿ ಫರ್ಗುಸನ್ ನಿರ್ದೇಶಕರಾಗಿದ್ದ ಫುಲ್ ಟಿಲ್ಟ್ ಕೂಡ ಒಂದು. ಆ ಸಂಸ್ಥೆ ಆಟಗಾರರಿಗೆ ಸುಮಾರು 39 ಕೋಟಿ ಡಾಲರ್ ಕೊಡಬೇಕಿದ್ದಾಗ ಬ್ಯಾಂಕಿನಲ್ಲಿದ್ದುದು ಸುಮಾರು 6 ಕೋಟಿ ಎಂದು ನ್ಯಾಯ ಇಲಾಖೆ ಹೇಳಿತು. ಪೋಕರ್‌ಸ್ಟಾರ್ಸ್ ಎಂಬ ಇನ್ನೊಂದು ಜಾಲತಾಣ 2012ರಲ್ಲಿ ಅದನ್ನು ಕೊಂಡ ಮೇಲಷ್ಟೇ ಹಣ ಮರಳುವ ದಾರಿ ತೆರೆಯಿತು. ಅಮೆರಿಕದ ಆಟಗಾರರು 2014ರವರೆಗೆ ಕಾದರು. ಗೆಲುವನ್ನು ಆಗಾಗ ಹೊರತೆಗೆದು ಬ್ಯಾಂಕಿನಲ್ಲಿಡುವವರಿಗೆ ಇಂಥ ಪೆಟ್ಟು ಕಡಿಮೆ.

ನಮ್ಮಲ್ಲಿ ಕಾನೂನನ್ನೂ ನೋಡಿಕೊಳ್ಳಬೇಕು. ಕರ್ನಾಟಕ 2021ರ ಅಕ್ಟೋಬರ್‌ನಲ್ಲಿ ಪಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ನಿಷೇಧವನ್ನು ರದ್ದುಮಾಡಿತು. ಬಳಿಕ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಇಡೀ ದೇಶದಲ್ಲಿ ನಿಷೇಧಿಸಿತು. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಅಕ್ರಮ ವಿದೇಶಿ ತಾಣಗಳಿಗೆ ಹಾಕಿದ ಹಣಕ್ಕೆ ಇಲ್ಲಿ ಯಾವ ರಕ್ಷಣೆಯೂ ಇಲ್ಲ. ಬೆಂಗಳೂರು, ಹುಬ್ಬಳ್ಳಿಯ ಆಟಗಾರರಿಗೆ ಹತ್ತಿರದ ಪರವಾನಗಿ ಪಡೆದ ಪೋಕರ್ ಮೇಜುಗಳಿರುವುದು ಗೋವಾದ ಕ್ಯಾಸಿನೊಗಳಲ್ಲಿ.

ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಸ್ಪೀಟಿನ ಗೆಲುವಿಗೆ ಭಾರತದಲ್ಲಿ ಶೇ. 30 ತೆರಿಗೆ, ಮೇಲೆ ಸೆಸ್. ಮೇಜಿನ ಆಟದ ಸೋಲನ್ನು ಗೆಲುವಿನಿಂದ ಕಳೆಯಲು ಅವಕಾಶವಿಲ್ಲ. ವರ್ಷದಲ್ಲಿ 10 ಲಕ್ಷ ಗೆದ್ದು 7 ಲಕ್ಷ ಸೋತವರ ಕೈಯಲ್ಲಿ ಉಳಿದಿರುವುದು 3 ಲಕ್ಷ. ಆದರೆ 10 ಲಕ್ಷದ ಮೇಲಿನ ತೆರಿಗೆ ಮತ್ತು ಸೆಸ್ ಸೇರಿ 3 ಲಕ್ಷ 12 ಸಾವಿರ.

ಬರೆದಿಟ್ಟ ಲೆಕ್ಕ

ಕೆನಡಾದ ಪ್ರಸಿದ್ಧ ಆಟಗಾರ ಡ್ಯಾನಿಯಲ್ ನೆಗ್ರಾನು ತಮ್ಮ ವಾರ್ಷಿಕ ಲೆಕ್ಕವನ್ನು ಬಹಿರಂಗಪಡಿಸುವವರು. 2017ರಲ್ಲಿ ಅವರು ಪಡೆದ ಬಹುಮಾನಗಳ ಮೊತ್ತ ಸುಮಾರು 27 ಲಕ್ಷ 90 ಸಾವಿರ ಡಾಲರ್. ಕಟ್ಟಿದ ಪ್ರವೇಶ ಶುಲ್ಕಗಳನ್ನು ಕಳೆದರೆ ಆ ವರ್ಷ ಅವರಿಗಾದದ್ದು ಸುಮಾರು 86 ಸಾವಿರ ಡಾಲರ್ ನಷ್ಟ. ಸುದ್ದಿಯಾಗುವುದು ಮೊದಲ ಅಂಕಿ, ಆಟಗಾರ ತಿಳಿದಿರಬೇಕಾದದ್ದು ಎರಡನೆಯದು.

ದಿನಾಂಕ, ಮೇಜು, ಕೂತ ಗಂಟೆ, ತಂದ ಹಣ, ಒಯ್ದ ಹಣ, ಪ್ರಯಾಣ ಮತ್ತು ಊಟದ ಖರ್ಚು – ಈ ಆರು ಅಂಕಣಗಳ ಒಂದು ನೋಟ್‌ಪುಸ್ತಕ ಸಾಕು. ನೂರಾರು ಗಂಟೆಗಳ ಬಳಿಕವೂ ಮೊತ್ತ ಕೆಳಮುಖವಾಗಿಯೇ ಇದ್ದರೆ ಆ ಆಟಗಾರರಿಗೆ ಬೇಕಿರುವುದು ಬ್ಯಾಂಕ್‌ರೋಲ್ ಅಲ್ಲ, ತಿಂಗಳ ಮನರಂಜನೆಗೆಂದು ಗೊತ್ತುಮಾಡಿದ ಒಂದು ಚಿಕ್ಕ ಮೊತ್ತ. ಅದು ಮುಗಿದರೆ ಆ ತಿಂಗಳ ಆಟವೂ ಮುಗಿಯಿತು. ಸಾಲದ ಹಣ, ಕ್ರೆಡಿಟ್ ಕಾರ್ಡ್, ಅಡವಿಟ್ಟ ಒಡವೆ ಯಾವುದೂ ಮೇಜಿಗೆ ಬರಬಾರದು.

ಸೋತದ್ದನ್ನು ಮರಳಿ ಪಡೆಯಲು ಪಣ ಹೆಚ್ಚಿಸುವುದು, ಮನೆಯವರಿಂದ ಲೆಕ್ಕ ಮುಚ್ಚಿಡುವುದು, ನಿಲ್ಲಿಸಬೇಕೆಂದರೂ ಆಗದಿರುವುದು – ಇವು ಹಣಕಾಸಿನ ತಪ್ಪುಗಳ ಗಡಿ ದಾಟಿದ ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆ ಜೂಜಿನ ಚಟವನ್ನು ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ, ಅದಕ್ಕೆ ಚಿಕಿತ್ಸೆಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ವಿಭಾಗವಿದೆ. ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಹಗಲು ರಾತ್ರಿಯೆನ್ನದೆ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಆಟಗಾರರಷ್ಟೇ ಅಲ್ಲ, ಅವರ ಮನೆಯವರೂ ಕರೆ ಮಾಡಬಹುದು.