ನಿಮಗಿದು ಗೊತ್ತೆ? ಕಣ್ಣು ಬಿಟ್ಟ ಜಾಗಕ್ಕೆ ಬೆರಳು ಬಂತು

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಒಮ್ಮೆ ಕಣ್ಣು ಮುಚ್ಚಿ ನಿಲ್ಲಿ. ಹಾರ್ನು, ಕಂಡಕ್ಟರನ ಸೀಟಿ, ಹತ್ತೂರುಗಳ ಹೆಸರು ಎಲ್ಲ ಕಲಸುಮೇಲೋಗರ. ಬಿಳಿ ಕೋಲು ಹಿಡಿದು ಓಡಾಡುವವರು ಇಂಥ ಗದ್ದಲದೊಳಗಿಂದಲೇ ತಮಗೆ ಬೇಕಾದ ಸದ್ದನ್ನು ಹೆಕ್ಕಿಕೊಳ್ಳಬೇಕು. ಹಾಗಾದರೆ ಅವರ ಕಿವಿಯೇ ಹೆಚ್ಚು ಚುರುಕೆ? ಅಲ್ಲ. ತೀರಾ ಮೆಲ್ಲನೆಯ ಸದ್ದು ಕೇಳುವುದರಲ್ಲಿ ಎಲ್ಲರ ಕಿವಿಯೂ ಹೆಚ್ಚುಕಡಿಮೆ ಒಂದೇ. ಬದಲಾಗುವುದು ಮಿದುಳು.

ತಲೆಯ ಹಿಂಭಾಗದಲ್ಲಿ ನೋಟಕ್ಕೆಂದು ಮೀಸಲಾದ ಜಾಗ ಸುಮ್ಮನೆ ಖಾಲಿ ಕೂರುವುದಿಲ್ಲ. ಚಿಕ್ಕಂದಿನಲ್ಲೇ ದೃಷ್ಟಿ ಕಳೆದುಕೊಂಡವರು ಬೆರಳಿನಿಂದ ಬ್ರೈಲ್ ಓದುವಾಗ ಅದೇ ಜಾಗ ಎಚ್ಚೆತ್ತು ದುಡಿಯುತ್ತದೆಂದು 1996ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. 2004ರ ಇನ್ನೊಂದು ಅಧ್ಯಯನದಲ್ಲಿ, ಸ್ವರದ ಏರಿಳಿತ ಗುರುತಿಸುವುದರಲ್ಲಿ ಎಳವೆಯಲ್ಲೇ ಅಂಧರಾದವರು ಮುಂದಿದ್ದರು. ದೊಡ್ಡವರಾದ ಮೇಲೆ ದೃಷ್ಟಿ ಹೋದವರಲ್ಲಿ ಆ ಲಾಭ ಕಾಣಲಿಲ್ಲ.

ಗದಗದ ಸಂಗೀತಗಾರ ಪುಟ್ಟರಾಜ ಗವಾಯಿಗಳೂ (1914–2010) ಎಳವೆಯಲ್ಲೇ ಕಣ್ಣು ಕಳೆದುಕೊಂಡವರು. ಹಾಡುವುದರ ಜೊತೆಗೆ ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಎಲ್ಲವೂ ಅವರ ಕೈಯಲ್ಲಿ ನುಡಿಯುತ್ತಿದ್ದವು. ಇದನ್ನೆಲ್ಲ ಮಿದುಳಿನ ಖಾತೆಗೇ ಬರೆದರೆ ಅನ್ಯಾಯ: ಅವರನ್ನು ಬಾಲ್ಯದಿಂದ ತಿದ್ದಿದವರು ಗುರು ಪಂಚಾಕ್ಷರಿ ಗವಾಯಿಗಳು; ಆ ಗುರುವೂ ಅಂಧರೇ.